ಗೇಮಿಂಗ್ ಮೌಸ್: ಹಗುರ ಮುಖ್ಯವೋ, ವೈರ್‌ಲೆಸ್ ಮುಖ್ಯವೋ? ಚೆನ್ನೈನ ರಿಚಿ ಸ್ಟ್ರೀಟ್‌ಗೆ ಹೋಗುವ ಮುನ್ನ ಇದನ್ನು ತಿಳಿದುಕೊಳ್ಳಿ

ಚೆನ್ನೈ: ಅಣ್ಣಾ ಸಾಲೈ, ಅಂದರೆ ಹಳಬರ ಬಾಯಲ್ಲಿ ಇನ್ನೂ ಮೌಂಟ್ ರೋಡ್ ಆಗಿಯೇ ಉಳಿದಿರುವ ರಸ್ತೆಯಿಂದ ಚಿಂತಾದ್ರಿಪೇಟೆ ಕಡೆಗೆ ಹೊರಳಿದರೆ ಸಿಗುವುದೇ ರಿಚಿ ಸ್ಟ್ರೀಟ್. ದೆಹಲಿಯ ನೆಹರೂ ಪ್ಲೇಸ್ ಬಿಟ್ಟರೆ ದೇಶದ ಎರಡನೇ ದೊಡ್ಡ ಎಲೆಕ್ಟ್ರಾನಿಕ್ಸ್ ಮಾರುಕಟ್ಟೆ ಎಂದು ಇದಕ್ಕೆ ಹೆಸರು. ಹೆಸರಿಗೆ ಒಂದು ಬೀದಿಯಾದರೂ ನರಸಿಂಗಪುರಂ ಸ್ಟ್ರೀಟ್, ಮೀರಾನ್ ಸಾಹಿಬ್ ಸ್ಟ್ರೀಟ್, ವಾಲರ್ಸ್ ರೋಡ್‌ವರೆಗೂ ಅಂಗಡಿಗಳು ಹಬ್ಬಿಕೊಂಡಿವೆ. ಬೆಂಗಳೂರಿಗರಿಗೆ ಎಸ್‌ಪಿ ರೋಡ್ ಹೇಗೋ ಚೆನ್ನೈನವರಿಗೆ ಇದು ಹಾಗೆ. ಓದಲು, ಕೆಲಸಕ್ಕೆ ಎಂದು ಚೆನ್ನೈ ಸೇರಿದ ಕನ್ನಡದ ಹುಡುಗರು ಪಿಸಿ ಜೋಡಿಸಲು, ಕೀಬೋರ್ಡ್ ಬದಲಿಸಲು ಎಡತಾಕುವುದೂ ಇಲ್ಲಿಗೇ.

ಗೇಮಿಂಗ್ ಮೌಸ್ ಕೇಳಿದರೆ ಇಲ್ಲಿ ಸಾವಿರ ರೂಪಾಯಿಯ ಒಳಗಿನದ್ದೂ ಸಿಗುತ್ತದೆ, ಹತ್ತು ಸಾವಿರ ದಾಟಿದ್ದೂ ಸಿಗುತ್ತದೆ. ನೋಡಲು ಎರಡೂ ಕಪ್ಪು ಪ್ಲಾಸ್ಟಿಕ್. ಡಬ್ಬಿಯ ಮೇಲೆ ಮಾತ್ರ 26,000 ಡಿಪಿಐ, 8000 ಹರ್ಟ್ಜ್, 49 ಗ್ರಾಂ ಎಂದು ಅಂಕಿಗಳ ಮೆರವಣಿಗೆ. ಒಂದು ತಿಂಗಳ ಪಿಜಿ ಬಾಡಿಗೆಯಷ್ಟು ಹಣ ಕೊಡುವಾಗ ಈ ಅಂಕಿಗಳಲ್ಲಿ ಯಾವುದು ಕೈಗೆ ಗೊತ್ತಾಗುತ್ತದೆ, ಯಾವುದು ಬರೀ ಜಾಹೀರಾತು ಎಂದು ತಿಳಿದಿದ್ದರೆ ಒಳ್ಳೆಯದು.

ತೂಕ ಇಳಿದ ಕಥೆ

ಮೌಸ್ ಭಾರವಿದ್ದರೇ ಒಳ್ಳೆಯದು ಎನ್ನುವ ಕಾಲವೊಂದಿತ್ತು. 2014ರಲ್ಲಿ ಬಂದ ಲಾಜಿಟೆಕ್ ಜಿ502 ವೈರ್ ಮೌಸ್ 121 ಗ್ರಾಂ ತೂಗುತ್ತಿತ್ತು. ಅಷ್ಟೇ ಅಲ್ಲ, ಸಾಲದವರಿಗೆ ಇನ್ನಷ್ಟು ಭಾರ ಸೇರಿಸಿಕೊಳ್ಳಲಿ ಎಂದು ಕಂಪನಿಯೇ ತಲಾ 3.6 ಗ್ರಾಂನ ಐದು ತೂಕದ ಬಿಲ್ಲೆಗಳನ್ನು ಡಬ್ಬಿಯಲ್ಲಿಟ್ಟು ಕೊಡುತ್ತಿತ್ತು! ಇಂದು ಅದೇ ಕಂಪನಿ ಒಂದೊಂದು ಗ್ರಾಂ ಇಳಿಸಿದ್ದಕ್ಕೂ ಪ್ರಚಾರ ಮಾಡುತ್ತದೆ.

ತಿರುವು ಸಿಕ್ಕಿದ್ದು 2018-19ರ ಸುಮಾರಿಗೆ. ಫೈನಲ್‌ಮೌಸ್ ಕಂಪನಿಯ ಅಲ್ಟ್ರಾಲೈಟ್ ಪ್ರೊ, ಆಮೇಲೆ ಗ್ಲೋರಿಯಸ್ ಮಾಡೆಲ್ ಒ ಮೌಸ್‌ಗಳು ಜೇನುಗೂಡಿನಂತೆ ತೂತು ಕೊರೆದ ಮೈಯೊಂದಿಗೆ ಬಂದವು. ಎರಡೂ 67 ಗ್ರಾಂ. ಬೆವರು, ದೂಳು ಒಳಗೆ ಹೋಗುತ್ತದೆ ಎಂಬ ದೂರಿದ್ದರೂ ಆಟಗಾರರು ಮುಗಿಬಿದ್ದರು. 2020ರ ಡಿಸೆಂಬರ್‌ನಲ್ಲಿ ಲಾಜಿಟೆಕ್ ಜಿ ಪ್ರೊ ಎಕ್ಸ್ ಸೂಪರ್‌ಲೈಟ್ ಬಂದಾಗ ತೂತುಗಳಿಲ್ಲದೆಯೇ, ಅದೂ ಬ್ಯಾಟರಿ ಇಟ್ಟುಕೊಂಡು, 63 ಗ್ರಾಂ ಒಳಗೆ ಇರಬಹುದು ಎಂಬುದು ಸಾಬೀತಾಯಿತು. 2022ರ ರೇಜರ್ ವೈಪರ್ ವಿ2 ಪ್ರೊ 58 ಗ್ರಾಂಗೆ, 2024ರ ವೈಪರ್ ವಿ3 ಪ್ರೊ 54 ಗ್ರಾಂಗೆ ಇಳಿಯಿತು. 2025ರಲ್ಲಿ ಕೋರ್ಸೇರ್ ತಂದ ಸೇಬರ್ ವಿ2 ಪ್ರೊ ಕೇವಲ 36 ಗ್ರಾಂ.

ಈ ಗ್ರಾಂಗಳು ಎಲ್ಲಿಂದ ಹೋದವು? ಮೊದಲು ಹೋದದ್ದು ಬಣ್ಣಬಣ್ಣದ ಆರ್‌ಜಿಬಿ ದೀಪ. ಆಮೇಲೆ ಹೊರ ಕವಚದ ಗೋಡೆ ತೆಳುವಾಯಿತು, ಬ್ಯಾಟರಿ ಸಣ್ಣದಾಯಿತು, ಹೆಚ್ಚುವರಿ ಬಟನ್‌ಗಳು ಮಾಯವಾದವು. ಇಲ್ಲೊಂದು ಬೇಸರದ ಸಂಗತಿಯೂ ಇದೆ. 2018ರ ಲಾಜಿಟೆಕ್ ಜಿ ಪ್ರೊ ವೈರ್‌ಲೆಸ್‌ನಲ್ಲಿ ಸೈಡ್ ಬಟನ್‌ಗಳನ್ನು ಎಡಕ್ಕೂ ಬಲಕ್ಕೂ ಹಾಕಿಕೊಳ್ಳಬಹುದಿತ್ತು. 2019ರ ರೇಜರ್ ವೈಪರ್ ಅಲ್ಟಿಮೇಟ್‌ನಲ್ಲಿ ಎರಡೂ ಬದಿಗೆ ಬಟನ್‌ಗಳಿದ್ದವು. ಹಗುರ ಮಾಡುವ ಭರದಲ್ಲಿ ಸೂಪರ್‌ಲೈಟ್‌ನಲ್ಲೂ ವೈಪರ್‌ನ ಮುಂದಿನ ಪ್ರೊ ಆವೃತ್ತಿಗಳಲ್ಲೂ ಬಲಬದಿಯ ಬಟನ್‌ಗಳನ್ನು ಕಿತ್ತುಹಾಕಲಾಯಿತು. ಆಕಾರ ಎರಡೂ ಕೈಗೆ ಒಗ್ಗುವಂತಿದ್ದರೂ ಎಡಗೈಯವರಿಗೆ ಹೆಬ್ಬೆರಳ ಕೆಳಗೆ ಒತ್ತಲು ಏನೂ ಇಲ್ಲ. ಎಡಚರು ಖರೀದಿಗೆ ಮುನ್ನ ಇದನ್ನೇ ಮೊದಲು ನೋಡಬೇಕು.

ಹಗುರವಾದರೆ ಆಟ ಸುಧಾರಿಸುತ್ತದೆಯೇ?

ಆಡುವ ಆಟ ಯಾವುದು ಎಂಬುದರ ಮೇಲೆ ಉತ್ತರ ನಿಂತಿದೆ. ವ್ಯಾಲರಂಟ್ ಅನ್ನೇ ತೆಗೆದುಕೊಳ್ಳಿ. 2020ರ ಜೂನ್‌ನಲ್ಲಿ ಬಂದ ಈ ಶೂಟಿಂಗ್ ಗೇಮ್‌ನಲ್ಲಿ ಮೌಸ್ ಕಳಿಸುವ ಒಂದೊಂದು ಎಣಿಕೆಗೆ, ಸೆನ್ಸಿಟಿವಿಟಿ 1 ಇದ್ದಾಗ, ನೋಟ 0.07 ಡಿಗ್ರಿ ತಿರುಗುತ್ತದೆ. 800 ಡಿಪಿಐ, 0.4 ಸೆನ್ಸಿಟಿವಿಟಿ ಇಟ್ಟುಕೊಂಡವರು ಪೂರ್ತಿ ಒಂದು ಸುತ್ತು ತಿರುಗಬೇಕಾದರೆ ಮೌಸನ್ನು ಮೇಜಿನ ಮೇಲೆ ಸುಮಾರು 41 ಸೆಂಟಿಮೀಟರ್ ಎಳೆಯಬೇಕು. ಬೆನ್ನ ಹಿಂದೆ ಹೆಜ್ಜೆ ಸದ್ದು ಕೇಳಿ ಹಿಂತಿರುಗಲು 20 ಸೆಂಟಿಮೀಟರ್. ಅಷ್ಟು ದೂರ ಎಳೆದು, ಎದುರಾಳಿಯ ತಲೆಯ ಮೇಲೆ ಗಕ್ಕನೆ ನಿಲ್ಲಿಸಬೇಕು. ಹೊರಡಿಸುವಾಗಲೂ ನಿಲ್ಲಿಸುವಾಗಲೂ ಕೈ ಎದುರಿಸುವುದು ಮೌಸ್‌ನ ಜಡತ್ವವನ್ನು. ತೂಕ ಅರ್ಧವಾದರೆ ಅದೇ ವೇಗಕ್ಕೆ ಬೇಕಾದ ಬಲವೂ ಅರ್ಧ. ಇದು ಹೈಸ್ಕೂಲ್ ಭೌತಶಾಸ್ತ್ರ, ಮಾರ್ಕೆಟಿಂಗ್ ಅಲ್ಲ.

ಆದರೆ ಇಳಿಸಿದ ಪ್ರತಿ ಗ್ರಾಂಗೂ ಒಂದೇ ಬೆಲೆ ಇಲ್ಲ. 120 ಗ್ರಾಂನಿಂದ 80ಕ್ಕೆ ಬಂದವರಿಗೆ ಮೊದಲ ದಿನವೇ ವ್ಯತ್ಯಾಸ ತಿಳಿಯುತ್ತದೆ. 80ರಿಂದ 60ಕ್ಕೆ ಇಳಿದರೂ ಗೊತ್ತಾಗುತ್ತದೆ. 60ರಿಂದ 54ಕ್ಕೆ ಇಳಿದದ್ದನ್ನು ಕಣ್ಣು ಮುಚ್ಚಿ ಹೇಳುವುದು ಕಷ್ಟ. ಆ ಆರು ಗ್ರಾಂಗೆ ಸಾವಿರಗಟ್ಟಲೆ ರೂಪಾಯಿ ಸುರಿಯುವುದಕ್ಕಿಂತ ಕೈಗೆ ಹೊಂದುವ ಆಕಾರ ಹುಡುಕುವುದು ಜಾಣತನ. ಏಜ್ ಆಫ್ ಎಂಪೈರ್ಸ್‌ನಂಥ ಸ್ಟ್ರಾಟಜಿ ಆಟ, ಡೋಟಾ 2, ಅಥವಾ ಹಗಲಿಡೀ ಎಕ್ಸೆಲ್ ಶೀಟ್ ನಡುವೆ ರಾತ್ರಿ ಒಂದು ಗಂಟೆ ಆಟ ಎನ್ನುವವರಿಗೆ 90 ಗ್ರಾಂ ಮೌಸ್ ಯಾವ ತೊಂದರೆಯನ್ನೂ ಕೊಡದು. ಕೆಲವರಿಗಂತೂ ತೀರಾ ಹಗುರವಾದರೆ ಗುರಿ ನಡುಗಿದಂತೆ ಅನಿಸುತ್ತದೆ. ಅದು ಅಭ್ಯಾಸದ ವಿಷಯವೂ ಹೌದು, ಅಭಿರುಚಿಯ ವಿಷಯವೂ ಹೌದು.

ಡಬ್ಬಿಯ ಮೇಲಿನ ತೂಕ ಓದುವಾಗ ಒಂದು ಎಚ್ಚರ. ವೈರ್ ಮೌಸ್‌ಗಳ ತೂಕದಲ್ಲಿ ವೈರ್ ಸೇರಿರುವುದಿಲ್ಲ. ಹೈಪರ್‌ಎಕ್ಸ್ ಪಲ್ಸ್‌ಫೈರ್ ಹೇಸ್ಟ್ 59 ಗ್ರಾಂ ಎಂದರೆ ವೈರ್ ಬಿಟ್ಟು 59. ಅದರ ವೈರ್ ಮೃದುವಾದ ಬಟ್ಟೆ ಹೆಣಿಗೆಯದ್ದಾದ್ದರಿಂದ ಅಷ್ಟಾಗಿ ಕಾಡದು. ಅಗ್ಗದ ಮೌಸ್‌ಗಳ ದಪ್ಪ ರಬ್ಬರ್ ವೈರ್ ಮಾತ್ರ ಮೇಜಿನ ಅಂಚಿಗೆ ಸಿಕ್ಕಿ, ಹಗುರ ಮೈಯ ಲಾಭವನ್ನೆಲ್ಲ ನುಂಗಿಹಾಕುತ್ತದೆ.

ವೈರ್‌ಲೆಸ್ ಎಂದರೆ ನಿಧಾನ ಎಂಬುದು ಹಳೆಯ ಮಾತು

ಇಂದಿಗೂ ಅನೇಕರು ಗೇಮಿಂಗ್‌ಗೆ ವೈರ್ ಮೌಸೇ ಬೇಕು ಎನ್ನುತ್ತಾರೆ. ಹತ್ತು ವರ್ಷದ ಹಿಂದೆ ಆ ಮಾತು ನಿಜವಿತ್ತು. 2016ರಲ್ಲಿ 107 ಗ್ರಾಂನ ಲಾಜಿಟೆಕ್ ಜಿ900 ಬಂದ ಮೇಲೆ ಆ ವಾದದ ಬುಡ ಅಲುಗಾಡಿತು. ಈಗ ವೃತ್ತಿಪರ ಆಟಗಾರರಲ್ಲಿ ಹೆಚ್ಚಿನವರ ಕೈಯಲ್ಲಿರುವುದು ವೈರ್‌ಲೆಸ್ ಮೌಸೇ.

ಗೊಂದಲ ಹುಟ್ಟುವುದು 'ವೈರ್‌ಲೆಸ್' ಎಂಬ ಒಂದೇ ಪದದಡಿ ಎರಡು ಬೇರೆ ತಂತ್ರಜ್ಞಾನಗಳು ಅಡಗಿರುವುದರಿಂದ. ಯುಎಸ್‌ಬಿ ಡಾಂಗಲ್ ಮೂಲಕ 2.4 ಗಿಗಾಹರ್ಟ್ಜ್‌ನಲ್ಲಿ ಸಂಪರ್ಕಿಸುವ ಗೇಮಿಂಗ್ ಮೌಸ್ ಸೆಕೆಂಡಿಗೆ 1000 ಬಾರಿ ಕಂಪ್ಯೂಟರಿಗೆ ವರದಿ ಒಪ್ಪಿಸುತ್ತದೆ. ಬ್ಲೂಟೂತ್‌ನಲ್ಲಿ ಸಾಮಾನ್ಯವಾಗಿ ಅದು 125ರ ಆಸುಪಾಸು. ಅಂದರೆ ಎರಡು ವರದಿಗಳ ನಡುವೆ ಮೊದಲನೆಯದರಲ್ಲಿ 1 ಮಿಲಿಸೆಕೆಂಡ್, ಎರಡನೆಯದರಲ್ಲಿ 8 ಮಿಲಿಸೆಕೆಂಡ್ ಅಂತರ. ಬ್ಲೂಟೂತ್ ಕಾಲೇಜು ಲ್ಯಾಪ್‌ಟಾಪ್‌ಗೆ ಸಾಕು, ಆಟಕ್ಕೆ ಬೇಡ. 'ಟ್ರೈ-ಮೋಡ್' ಎಂದು ಬರೆದಿದ್ದರೆ ವೈರ್, 2.4 ಗಿಗಾಹರ್ಟ್ಜ್, ಬ್ಲೂಟೂತ್ ಮೂರೂ ಇವೆ ಎಂದರ್ಥ. ಬರೀ ಬ್ಲೂಟೂತ್ ಇರುವ ಮೌಸ್‌ಗೆ 'ಗೇಮಿಂಗ್' ಸ್ಟಿಕ್ಕರ್ ಅಂಟಿಸಿದ್ದರೆ ವಾಪಸ್ ಇಟ್ಟುಬಿಡಿ.

ಡಾಂಗಲ್ ಇಡುವ ಜಾಗವೂ ಮುಖ್ಯ. ಹೊಸ ಮೌಸ್ ಆಗಾಗ ತಡವರಿಸುತ್ತಿದೆ ಎಂದು ಅಂಗಡಿಗೆ ಓಡುವ ಮುನ್ನ ಡಾಂಗಲ್ ಎಲ್ಲಿ ಚುಚ್ಚಿದ್ದೀರಿ ಎಂದು ನೋಡಿ. ಯುಎಸ್‌ಬಿ 3.0 ಪೋರ್ಟ್ ಮತ್ತು ಕೇಬಲ್‌ಗಳು ಹೊಮ್ಮಿಸುವ ವಿದ್ಯುತ್ ಗದ್ದಲ 2.4 ಗಿಗಾಹರ್ಟ್ಜ್ ಸಾಧನಗಳಿಗೆ ಅಡ್ಡಿಯಾಗುತ್ತದೆ ಎಂದು ಇಂಟೆಲ್ ಕಂಪನಿಯೇ 2012ರಲ್ಲಿ ವಿವರವಾದ ವರದಿ ಪ್ರಕಟಿಸಿತ್ತು. ಕ್ಯಾಬಿನೆಟ್‌ನ ಹಿಂಬದಿ, ಹಾರ್ಡ್‌ಡಿಸ್ಕ್ ಕೇಬಲ್ ಪಕ್ಕದಲ್ಲಿ ಡಾಂಗಲ್ ಇದ್ದರೆ ಸಿಗ್ನಲ್ ಕುಗ್ಗುತ್ತದೆ. ಒಳ್ಳೆಯ ಮೌಸ್‌ಗಳ ಜತೆ ಎಕ್ಸ್‌ಟೆನ್ಷನ್ ಅಡಾಪ್ಟರ್ ಕೊಡುವುದು ಇದಕ್ಕೇ. ಅದನ್ನು ಡಬ್ಬಿಯಲ್ಲೇ ಬಿಟ್ಟು ಎಸೆಯುವವರೇ ಹೆಚ್ಚು. ಓಎಂಆರ್ ಉದ್ದಕ್ಕೂ ಇರುವ ಪಿಜಿಗಳಂತೆ ಗೋಡೆಗೊಂದು ವೈಫೈ ರೂಟರ್ ಇರುವ ಕಡೆ ಡಾಂಗಲ್ ಅನ್ನು ಮೌಸ್‌ಪ್ಯಾಡ್ ಹತ್ತಿರಕ್ಕೆ ತಂದಿಟ್ಟರೆ, ರೂಟರನ್ನು 5 ಗಿಗಾಹರ್ಟ್ಜ್‌ಗೆ ಬದಲಿಸಿಕೊಂಡರೆ ಅರ್ಧ ತಲೆನೋವು ಕಡಿಮೆ.

8000 ಹರ್ಟ್ಜ್ ಎಂಬ ಹೊಸ ಹುಚ್ಚು

ರೇಜರ್ ವೈಪರ್ ವಿ3 ಪ್ರೊ 8000 ಹರ್ಟ್ಜ್ ಪೋಲಿಂಗ್ ಡಾಂಗಲ್ ಸಮೇತ ಬರುತ್ತದೆ. 2023ರ ಸೆಪ್ಟೆಂಬರ್‌ನಲ್ಲಿ 60 ಗ್ರಾಂ ತೂಕದೊಂದಿಗೆ ಬಂದ ಲಾಜಿಟೆಕ್ ಸೂಪರ್‌ಲೈಟ್ 2 ಮೊದಲು 2000 ಹರ್ಟ್ಜ್‌ನಲ್ಲಿತ್ತು, ಆಮೇಲಿನ ಫರ್ಮ್‌ವೇರ್ ಅಪ್‌ಡೇಟ್‌ಗಳಲ್ಲಿ ಮೇಲೇರಿತು. ಕೇಳಲು ಎಂಟು ಪಟ್ಟು ವೇಗ ಅನಿಸುತ್ತದೆ. ಲೆಕ್ಕ ಹಾಕಿದರೆ, 1000 ಹರ್ಟ್ಜ್‌ನಲ್ಲಿ ವರದಿಗಳ ನಡುವಿನ ಅಂತರ 1 ಮಿಲಿಸೆಕೆಂಡ್, 8000ದಲ್ಲಿ 0.125. ಉಳಿತಾಯ ಒಂದು ಮಿಲಿಸೆಕೆಂಡಿಗಿಂತಲೂ ಕಡಿಮೆ. 60 ಹರ್ಟ್ಜ್ ಮಾನಿಟರ್ ಒಂದು ಚಿತ್ರ ಬದಲಿಸಲು ತೆಗೆದುಕೊಳ್ಳುವುದು 16.7 ಮಿಲಿಸೆಕೆಂಡ್, 144 ಹರ್ಟ್ಜ್‌ನದ್ದು 6.9. ಹಳೆಯ ಮಾನಿಟರ್ ಇಟ್ಟುಕೊಂಡು 8000 ಹರ್ಟ್ಜ್ ಮೌಸ್ ಕೊಳ್ಳುವುದು ಹೊಂಡದ ರಸ್ತೆಗೆ ರೇಸ್ ಕಾರು ತಂದಂತೆ. ಮೊದಲು ಮಾನಿಟರ್ ಬದಲಿಸಿ.

ಇದಕ್ಕೆ ತೆರುವ ಬೆಲೆಯೂ ಇದೆ. ಕಂಪನಿಯ ಲೆಕ್ಕದಲ್ಲೇ ವೈಪರ್ ವಿ3 ಪ್ರೊ 1000 ಹರ್ಟ್ಜ್‌ನಲ್ಲಿ 95 ಗಂಟೆ ಓಡಿದರೆ 8000 ಹರ್ಟ್ಜ್‌ನಲ್ಲಿ 17 ಗಂಟೆ. ದಿನಕ್ಕೆ ನಾಲ್ಕು ಗಂಟೆ ಆಡುವವರಿಗೆ ಮೂರು ವಾರಕ್ಕೊಮ್ಮೆ ಮಾಡುತ್ತಿದ್ದ ಚಾರ್ಜ್ ನಾಲ್ಕು ದಿನಕ್ಕೊಮ್ಮೆ ಆಗುತ್ತದೆ. ಹಳೆಯ ಪ್ರೊಸೆಸರ್‌ಗಳಿಗೆ ಸೆಕೆಂಡಿಗೆ ಎಂಟು ಸಾವಿರ ವರದಿ ಓದುವುದೇ ಹೊರೆಯಾಗಿ ಆಟದ ಫ್ರೇಮ್‌ಗಳು ತಪ್ಪುವುದೂ ಉಂಟು.

ಸೆನ್ಸರ್ ಬಗ್ಗೆ ಹೆಚ್ಚು ತಲೆಕೆಡಿಸಿಕೊಳ್ಳಬೇಕಿಲ್ಲ. ತೈವಾನ್‌ನ ಪಿಕ್ಸ್‌ಆರ್ಟ್ ಕಂಪನಿಯ 3395 ಸೆನ್ಸರ್ ಈಗ ಮಧ್ಯಮ ಬೆಲೆಯ ಮೌಸ್‌ಗಳಲ್ಲೂ ಇದೆ. ಇದರ ಗರಿಷ್ಠ ವೇಗ ಸೆಕೆಂಡಿಗೆ 650 ಇಂಚು, ಅಂದರೆ ಗಂಟೆಗೆ ಸುಮಾರು 59 ಕಿಲೋಮೀಟರ್. ಮೇಜಿನ ಮೇಲೆ ಯಾರ ಕೈಯೂ ಅಷ್ಟು ವೇಗ ಮುಟ್ಟದು. 26,000 ಡಿಪಿಐ ಕೂಡ ಅಷ್ಟೇ. ಶೂಟಿಂಗ್ ಗೇಮ್ ಆಡುವವರು ಬಹುಪಾಲು 400ರಿಂದ 1600ರ ನಡುವೆಯೇ ಇಟ್ಟುಕೊಳ್ಳುತ್ತಾರೆ. ಸೆನ್ಸರ್ ಹೆಸರನ್ನೇ ಹೇಳದೆ ಡಿಪಿಐ ಮಾತ್ರ ದೊಡ್ಡದಾಗಿ ಬರೆದಿದ್ದರೆ ಆಗ ಅನುಮಾನಪಡಿ.

ಚೆನ್ನೈನ ಸೆಕೆ ಮತ್ತು ಡಬಲ್ ಕ್ಲಿಕ್ ಕಾಟ

ವಿದೇಶಿ ರಿವ್ಯೂಗಳಲ್ಲಿ ಅಷ್ಟಾಗಿ ಕಾಣದ, ಆದರೆ ಚೆನ್ನೈ, ಮಂಗಳೂರು, ಉಡುಪಿ, ಕಾಸರಗೋಡಿನಂಥ ಕರಾವಳಿ ಊರುಗಳ ಆಟಗಾರರಿಗೆ ಚೆನ್ನಾಗಿ ಗೊತ್ತಿರುವ ಶತ್ರುವೆಂದರೆ ತೇವ. ಮೇ ತಿಂಗಳ 'ಕತ್ತಿರಿ ವೆಯಿಲ್' ಕಾಲದಲ್ಲಿ ಫ್ಯಾನ್ ಕೆಳಗೆ ಕೂತರೂ ಅಂಗೈ ಒದ್ದೆ. ಬಟ್ಟೆಯ ಮೌಸ್‌ಪ್ಯಾಡ್ ತೇವ ಹೀರಿ ಭಾರವಾಗುತ್ತದೆ, ನಿನ್ನೆ ಜಾರಿದ ಮೌಸ್ ಇಂದು ಕೆಸರಿನಲ್ಲಿ ಎಳೆದಂತಾಗುತ್ತದೆ. 54 ಗ್ರಾಂ ಮೌಸ್ ಕೊಂಡವರು ಒದ್ದೆ ಪ್ಯಾಡ್ ಮೇಲೆ ಆಡಿದರೆ ಆ ಹಣಕ್ಕೆ ಅರ್ಥವಿಲ್ಲ. ತಿಂಗಳಿಗೊಮ್ಮೆ ಪ್ಯಾಡ್ ತೊಳೆದು ಪೂರ್ತಿ ಒಣಗಿಸುವುದು, ಅಥವಾ ತೇವ ಹೀರದ ಗಾಜಿನ ಪ್ಯಾಡ್‌ಗೆ ಬದಲಾಗುವುದು ಇಲ್ಲಿನ ಹವೆಗೆ ಸರಿ. ಗಾಜಿನದ್ದು ಕೊಳ್ಳುವಾಗ ನಿಮ್ಮ ಸೆನ್ಸರ್ ಗಾಜಿನ ಮೇಲೆ ಕೆಲಸ ಮಾಡುತ್ತದೆಯೇ ಎಂದು ಕೇಳಿಕೊಳ್ಳಿ; ಹಳೆಯ ಸೆನ್ಸರ್‌ಗಳು ತಡವರಿಸುತ್ತವೆ. ಅಗ್ಗದ ಮೌಸ್‌ಗಳ ಬದಿಗೆ ಬಳಿದಿರುವ ರಬ್ಬರ್‌ನಂಥ ಮೆತ್ತನೆ ಲೇಪ ಒಂದೆರಡು ಬೇಸಿಗೆಯಲ್ಲೇ ಅಂಟಂಟಾಗಿ ಕರಗುವುದೂ ಇದೇ ಕಾರಣಕ್ಕೆ.

ಇನ್ನೂ ದೊಡ್ಡ ತಲೆನೋವು ಡಬಲ್ ಕ್ಲಿಕ್. ಒಮ್ಮೆ ಒತ್ತಿದರೆ ಎರಡು ಬಾರಿ ಒತ್ತಿದಂತೆ ಕಂಪ್ಯೂಟರ್ ತಿಳಿಯುತ್ತದೆ. ಫೋಲ್ಡರ್ ಎಳೆಯಲು ಹೋದರೆ ತೆರೆದುಕೊಳ್ಳುತ್ತದೆ, ಆಟದಲ್ಲಿ ಒಂದು ಗುಂಡಿನ ಬದಲು ಎರಡು ಹಾರುತ್ತವೆ. ಸಾಮಾನ್ಯ ಮೆಕ್ಯಾನಿಕಲ್ ಸ್ವಿಚ್ ಒಳಗೆ ತೆಳು ಲೋಹದ ಪಟ್ಟಿಯೊಂದು ಇನ್ನೊಂದು ಲೋಹಕ್ಕೆ ತಾಗಿ ಸರ್ಕ್ಯೂಟ್ ಪೂರ್ತಿಯಾಗಬೇಕು. ಪಟ್ಟಿ ಸವೆದು, ಮೇಲ್ಮೈ ಆಕ್ಸಿಡೈಸ್ ಆದಂತೆ ಸಂಪರ್ಕ ಕಂಪಿಸುತ್ತದೆ. ವೈರ್‌ಲೆಸ್ ಮೌಸ್‌ಗಳು ಕಡಿಮೆ ವೋಲ್ಟೇಜ್‌ನಲ್ಲಿ ನಡೆಯುವುದರಿಂದ ಈ ಪದರವನ್ನು ಭೇದಿಸುವ ಶಕ್ತಿಯೂ ಕಡಿಮೆ.

ಇದಕ್ಕೆ ಪರಿಹಾರವಾಗಿ ಬಂದದ್ದು ಆಪ್ಟಿಕಲ್ ಸ್ವಿಚ್. ಲೋಹಕ್ಕೆ ಲೋಹ ತಾಗುವ ಬದಲು, ಬಟನ್ ಒತ್ತಿದಾಗ ಇನ್‌ಫ್ರಾರೆಡ್ ಬೆಳಕಿನ ಮೂಲಕ ಅದು ದಾಖಲಾಗುತ್ತದೆ. ತುಕ್ಕು ಹಿಡಿಯಲು ಸಂಪರ್ಕವೇ ಇಲ್ಲ. ರೇಜರ್ ವೈಪರ್ ಸರಣಿಯಲ್ಲಿ ಇರುವುದು ಇದೇ. ಸೂಪರ್‌ಲೈಟ್ 2ರಲ್ಲಿ ಕ್ಲಿಕ್ ಸದ್ದು, ಅನುಭವಕ್ಕೆ ಮೆಕ್ಯಾನಿಕಲ್ ಭಾಗ, ಸಿಗ್ನಲ್‌ಗೆ ಆಪ್ಟಿಕಲ್ ಭಾಗ ಇರುವ ಹೈಬ್ರಿಡ್ ಸ್ವಿಚ್ ಇದೆ. ಸಮುದ್ರದಿಂದ ನಾಲ್ಕೈದು ಕಿಲೋಮೀಟರ್ ಒಳಗೆ ವಾಸಿಸುವವರಿಗೆ ತೂಕದಲ್ಲಿ ಹತ್ತು ಗ್ರಾಂ ಉಳಿಸುವುದಕ್ಕಿಂತ ಆಪ್ಟಿಕಲ್ ಸ್ವಿಚ್ ಇರುವ ಮೌಸ್ ಆರಿಸುವುದೇ ಹೆಚ್ಚು ಲಾಭ.

ಯಾವ ಬಜೆಟ್‌ಗೆ ಯಾವುದು?

ಎರಡು ಸಾವಿರದ ಆಸುಪಾಸಿನಲ್ಲಿ ವೈರ್ ಮೌಸೇ ಸರಿ. ಈ ಬೆಲೆಯಲ್ಲಿ 85 ಗ್ರಾಂನ ಲಾಜಿಟೆಕ್ ಜಿ102 ಬಹುಕಾಲದಿಂದ ಇದೆ. 1997ರಲ್ಲಿ ಆರಂಭವಾದ, ಚೆನ್ನೈಯನ್ನೇ ಕೇಂದ್ರವಾಗಿಸಿಕೊಂಡ ಜೆಬ್ರಾನಿಕ್ಸ್‌ನ ಟ್ರಾನ್ಸ್‌ಫಾರ್ಮರ್-ಎಂ ಮಾದರಿಯೂ ಇನ್ನೂ ಕಡಿಮೆಗೆ ಸಿಗುತ್ತದೆ. ಹೊಸದಾಗಿ ಆಟ ಕಲಿಯುವ ಶಾಲಾ ಮಕ್ಕಳಿಗೆ ಅಷ್ಟು ಸಾಕು.

ವೈರ್‌ಲೆಸ್‌ಗೆ ಕಾಲಿಡುವವರ ಮೊದಲ ಆಯ್ಕೆ ಈಗಲೂ ಲಾಜಿಟೆಕ್ ಜಿ304. ಅಮೆರಿಕ, ಯೂರೋಪಿನಲ್ಲಿ ಇದೇ ಮೌಸ್ ಜಿ305 ಹೆಸರಿನಲ್ಲಿದೆ. 2018ರದ್ದಾದರೂ ಸೆನ್ಸರ್ ಚೆನ್ನಾಗಿದೆ, ಒಂದು ಎಎ ಸೆಲ್‌ನಲ್ಲಿ 250 ಗಂಟೆ ಓಡುತ್ತದೆ ಎನ್ನುತ್ತದೆ ಕಂಪನಿ. ಕೊರತೆ ಎಂದರೆ ಸೆಲ್ ಸೇರಿ 99 ಗ್ರಾಂ ತೂಕ. ಅದಕ್ಕೂ ಆಟಗಾರರು ಉಪಾಯ ಕಂಡುಕೊಂಡಿದ್ದಾರೆ. ಸಾಮಾನ್ಯ ಎಎ ಆಲ್ಕಲೈನ್ ಸೆಲ್ 23 ಗ್ರಾಂ ತೂಗಿದರೆ ಎಎಎ ಸೆಲ್ ಅದರ ಅರ್ಧ. ಎಎಎ ಸೆಲ್ಲನ್ನು ಪುಟ್ಟ ಪ್ಲಾಸ್ಟಿಕ್ ಅಡಾಪ್ಟರ್‌ನಲ್ಲಿಟ್ಟು ಹಾಕಿದರೆ ಹತ್ತಿರ ಹತ್ತು ಗ್ರಾಂ ಉಳಿತಾಯ, ಹಿಂಬದಿಯ ಭಾರವೂ ಕಡಿಮೆ. ಸೆಲ್ ಬೇಗ ಮುಗಿಯುತ್ತದೆ ಅಷ್ಟೇ. ಇದರಲ್ಲಿರುವುದು ಮೆಕ್ಯಾನಿಕಲ್ ಸ್ವಿಚ್, ಬಾಳಿಕೆ 1 ಕೋಟಿ ಕ್ಲಿಕ್ ಎಂಬುದೂ ನೆನಪಿರಲಿ.

ಇದಕ್ಕಿಂತ ಸ್ವಲ್ಪ ಮೇಲೆ ಚೀನಾ ಮೂಲದ ಬ್ರ್ಯಾಂಡ್‌ಗಳ ಸಾಲೇ ಇದೆ. ಅಟ್ಯಾಕ್ ಶಾರ್ಕ್ ಎಕ್ಸ್3 ಮೌಸ್ 49 ಗ್ರಾಂ, 3395 ಸೆನ್ಸರ್, ಟ್ರೈ-ಮೋಡ್. ಕಾಗದದ ಮೇಲೆ ದುಬಾರಿ ಮೌಸ್‌ಗಳಿಗೆ ಸಮ. 2020ರ ನವೆಂಬರ್‌ನಲ್ಲಿ ಅಲಿಎಕ್ಸ್‌ಪ್ರೆಸ್ ನಿಷೇಧವಾದ ಮೇಲೆ ಇಂಥವು ಭಾರತಕ್ಕೆ ಬರುವುದು ಆಮದುದಾರರು, ಮರುಮಾರಾಟಗಾರರ ಮೂಲಕ. ಹಾಗಾಗಿ ಇಲ್ಲಿ ಕೇಳಬೇಕಾದ ಪ್ರಶ್ನೆ ತೂಕದ್ದಲ್ಲ, ಕೆಟ್ಟರೆ ಯಾರು ನೋಡುತ್ತಾರೆ ಎಂಬುದು. ಬೆಂಗಳೂರು ಮೂಲದ ಕ್ರಿಯೋದಂಥ ದೇಶಿ ಬ್ರ್ಯಾಂಡ್‌ಗಳು ಈ ಜಾಗ ತುಂಬಲು ಯತ್ನಿಸುತ್ತಿವೆ.

ಸೂಪರ್‌ಲೈಟ್ 2, ವೈಪರ್ ವಿ3 ಪ್ರೊ ಹತ್ತು ಸಾವಿರ ದಾಟುವ ಗುಂಪು. ಬಲಗೈಗೆ ಒಗ್ಗುವ ಉಬ್ಬಿದ ಆಕಾರ ಬೇಕಿದ್ದವರಿಗೆ 63 ಗ್ರಾಂನ ರೇಜರ್ ಡೆತ್‌ಆ್ಯಡರ್ ವಿ3 ಪ್ರೊ ಇದೆ. ಟೂರ್ನಿಗಳಲ್ಲಿ ಆಡುವವರಿಗೆ, ದಿನವೂ ಗಂಟೆಗಟ್ಟಲೆ ಅಭ್ಯಾಸ ಮಾಡುವವರಿಗೆ ಇವು ಬೆಲೆಗೆ ತಕ್ಕವು. ವಾರಾಂತ್ಯದ ಆಟಗಾರರಿಗೆ ಅಷ್ಟು ಬೇಕಿಲ್ಲ.

ಅಂಗಡಿಯಲ್ಲಿ ನೋಡಬೇಕಾದ್ದು

ಆನ್‌ಲೈನ್‌ನಲ್ಲಿ ರಿಯಾಯಿತಿ ಹೆಚ್ಚಿರಬಹುದು, ಆದರೆ ಮೌಸ್ ಕೈಗೆ ಹಿಡಿದು ನೋಡುವ ಅವಕಾಶ ಸಿಗುವುದು ರಿಚಿ ಸ್ಟ್ರೀಟ್, ಎಸ್‌ಪಿ ರೋಡ್‌ನಲ್ಲೇ. ಅಂಗೈ ಪೂರ್ತಿ ಊರಿ ಹಿಡಿಯುವವರಿಗೆ ಉದ್ದನೆಯ, ಬೆನ್ನು ಉಬ್ಬಿದ ಮೌಸ್ ಬೇಕು. ಬೆರಳ ತುದಿಯಲ್ಲಿ ಆಡಿಸುವವರಿಗೆ ಗಿಡ್ಡ, ಚಪ್ಪಟೆ ಮೌಸ್ ಹಿತ. ಬದಿಗಳನ್ನು ಒತ್ತಿ ನೋಡಿ; ಕವಚ ತೆಳುವಾದ ಕೆಲವು ಹಗುರ ಮೌಸ್‌ಗಳು ಕಿರುಗುಟ್ಟುತ್ತವೆ, ಜೋರಾಗಿ ಹಿಡಿದರೆ ಸೈಡ್ ಬಟನ್ ತಾನೇ ಒತ್ತಿಕೊಳ್ಳುವುದೂ ಇದೆ. ಅಲುಗಾಡಿಸಿದಾಗ ಒಳಗೆ ಏನೂ ಗಲಗಲ ಅನ್ನಬಾರದು. ಅಂಗಡಿಯ ಕಂಪ್ಯೂಟರಿಗೆ ಜೋಡಿಸಿ ಒಂದು ಫೈಲನ್ನು ಹಿಡಿದು ಪರದೆ ತುಂಬ ಎಳೆಯಿರಿ. ಮಧ್ಯೆ ಕೈಬಿಟ್ಟರೆ ಸ್ವಿಚ್‌ನಲ್ಲಿ ದೋಷವಿದೆ.

ಆಮದು ಮಾಡಿದ ಮೌಸ್‌ನ ಡಬ್ಬಿಯ ಮೇಲೆ ಆಮದುದಾರರ ಹೆಸರು, ವಿಳಾಸ, ಎಂಆರ್‌ಪಿ ಇರಲೇಬೇಕು ಎನ್ನುತ್ತದೆ 2011ರ ಕಾನೂನು ಮಾಪನ ನಿಯಮ. ಆ ಸ್ಟಿಕ್ಕರ್ ಇಲ್ಲದ ಡಬ್ಬಿಗೆ ಭಾರತದಲ್ಲಿ ಕಂಪನಿ ವಾರಂಟಿ ಸಿಗುವುದು ಅನುಮಾನ. ಮೌಸ್ ಮೇಲೆ ಜಿಎಸ್‌ಟಿ ಶೇ. 18. ಯಾವುದೇ ಎಲೆಕ್ಟ್ರಾನಿಕ್ಸ್ ಬೀದಿಯಲ್ಲಿ 'ಬಿಲ್ ಬೇಡವಾದರೆ ಕಡಿಮೆಗೆ ಕೊಡುತ್ತೇನೆ' ಎಂಬ ಮಾತು ಕೇಳಿಬಂದರೆ, ಉಳಿಯುವ ಹಣದ ಜತೆ ವಾರಂಟಿಯೂ ಹೋಗುತ್ತದೆ ಎಂದು ತಿಳಿಯಿರಿ. ಬಿಲ್‌ನಲ್ಲಿ ಮಾದರಿಯ ಹೆಸರಿನ ಜತೆ ಸೀರಿಯಲ್ ನಂಬರ್ ಬರೆಸಿಕೊಳ್ಳಿ, ಮೌಸ್‌ನ ಹೊಟ್ಟೆಯ ಮೇಲಿನ ನಂಬರ್‌ಗೆ ಅದನ್ನು ಹೋಲಿಸಿ. ಬಿಲ್ ಇದ್ದೂ ಅಂಗಡಿಯವರು ಅಥವಾ ಕಂಪನಿ ಸ್ಪಂದಿಸದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ದಾಖಲಿಸಬಹುದು.